ರಸ್ತೆಗೆ ಉರುಳಿಸಿದ ರೋಣಗಲ್ಲು

ತೊಪ್ಪನದೊಡ್ಡಿಯ ಚಿಕ್ಕಬೋರಮ್ಮ ಸಿಟ್ಟು ಬಂದರೆ ಕೂಗಾಡುವ ಹೆಂಗಸಲ್ಲ. ಸಿಟ್ಟು ಏರಿದಷ್ಟೂ ಅವಳ ಬಾಯಿ ಮುಚ್ಚಿಕೊಳ್ಳುತ್ತಿತ್ತು, ಕೈಕಾಲು ಕೆಲಸಕ್ಕೆ ಇಳಿಯುತ್ತಿದ್ದವು. ಯುದ್ಧದ ಕಾಲದಲ್ಲಿ ಸರ್ಕಾರಕ್ಕೆ ಕೊಡಬೇಕಾದ ಲೆವಿ ರಾಗಿ ಎತ್ತಲು ಬಂದ ಗುಮಾಸ್ತನೊಬ್ಬ ಅವಳ ಅಂಗಳದ ಹಗೇವು ತೆಗೆಸಿ, ನೆಲದೊಳಗೆ ಕೂಡಿಟ್ಟ ರಾಗಿಯನ್ನೆಲ್ಲ ಅಳೆಸುತ್ತೇನೆಂದು ಹೊರಟ. ಅವಳು ಒಂದು ಮಾತೂ ಆಡದೆ ಹೋಗಿ ಹಗೇವಿನ ಬಾಯಿಗೆ ಮುಚ್ಚಿದ್ದ ಚಪ್ಪಡಿಯ ಮೇಲೆ ಕೂತುಬಿಟ್ಟಳು. ಗುಮಾಸ್ತ ಹೆದರಿಸಿದ, ಆಮೇಲೆ ಪುಸಲಾಯಿಸಿದ, ಬೇರೆ ಮನೆಗಳನ್ನೆಲ್ಲ ಮುಗಿಸಿಕೊಂಡು ಬಂದ. ಅವಳು ಅಲ್ಲೇ ಕೂತಿದ್ದಳು. ಹೊತ್ತು ಮುಳುಗುವ ಹೊತ್ತಿಗೆ ಅವನಿಗೇ ಸಾಕಾಗಿ, "ಈವಮ್ಮನ ತಂಟೆ ನನಗೆ ಬೇಡ" ಎಂದು ಎದ್ದುಹೋದ.

ಅವಳು ಕೆರಗೋಡಿನ ಕಡೆಯ ಹೆಣ್ಣು. ನಾಲೆಯ ನೀರು, ಭತ್ತದ ಗದ್ದೆ ನೋಡಿ ಬೆಳೆದವಳು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಎರಡು ಮಗ್ಗುಲಿಗೂ ಅಂಟಿಕೊಂಡಿದ್ದ ಈ ದೊಡ್ಡಿಗೆ ಸೊಸೆಯಾಗಿ ಬಂದು, ಮಳೆ ನಂಬಿದ ಹೊಲದಲ್ಲಿ ರಾಗಿ, ಹುರುಳಿ ಬೆಳೆಯುವುದನ್ನು ಕಲಿತಳು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೂ ಬೇರೆ ಹೋಗಲಿಲ್ಲ. ಮೈದುನ ನಿಂಗಯ್ಯ, ಅವನ ಹೆಂಡತಿ ಬೆಟ್ಟಮ್ಮ, ಇವಳು, ಮೂವರದೂ ಒಂದೇ ಒಲೆ. ಬೆಟ್ಟಮ್ಮ ಮಾತಿನ ಮಲ್ಲಿ. ಚಿಕ್ಕಬೋರಮ್ಮನ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು. ಇಬ್ಬರು ವಾರಗಿತ್ತಿಯರು ಹೊಲಕ್ಕೆ ಹೊರಟರೆ, ಒಬ್ಬಳ ದನಿ ಮಾತ್ರ ಕೇಳುತ್ತಾ ಹೋಗುತ್ತಿತ್ತು.

ರಸ್ತೆಯಲ್ಲಿ ಹುರುಳಿ ಹರಡುವುದನ್ನು ಮೊದಲು ಮಾಡಿದವಳು ಚಿಕ್ಕಬೋರಮ್ಮನೇ. ಆ ವರ್ಷ ಕಾಲುಬಾಯಿ ರೋಗ ಬಂದು ಮನೆಯ ಎತ್ತಿನಲ್ಲಿ ಒಂದು ಸತ್ತು, ಇನ್ನೊಂದು ಕುಂಟುತ್ತಿತ್ತು. ಕಣದಲ್ಲಿ ಕಾಳು ಒಕ್ಕುವ ರೋಣಗಲ್ಲು ಎಳೆಯುವವರಿಲ್ಲ. ಕಿತ್ತು ಒಣಗಿಸಿದ ಹುರುಳಿ ಗಿಡ ಬಣವೆಯಲ್ಲೇ ಕೂತಿತ್ತು. ಅವಳು ಬೆಳಗಾಗ ಎದ್ದು, ಮನೆಯ ಮುಂದಿನ ರಸ್ತೆಯನ್ನು ಕಸಬರಿಕೆಯಲ್ಲಿ ಗುಡಿಸಿ, ಕಣಕ್ಕೆ ಸಾರಿಸಿದ ಹಾಗೆಯೇ ಸಗಣಿ ನೀರಿನಲ್ಲಿ ಸಾರಿಸಿ, ಒಣಗಿದ ಮೇಲೆ ಹುರುಳಿ ಹರಡಿದಳು. ದೂರದಲ್ಲಿ ಇದ್ದಿಲ ಹೊಗೆ ಕಾರುತ್ತ ಗಫಾರನ ಬಸ್ಸು ಬಂತು.

ಗಫಾರ್ ಕಿರುಗಾವಲಿನವನು. ಹಿಂದೆ ಜಟಕಾ ಹೊಡೆಯುತ್ತಿದ್ದ. ಬಸ್ಸಿಗೆ ಬಂದ ಮೇಲೂ ದಿಣ್ಣೆ ಹತ್ತುವಾಗ ಕುದುರೆಗೆ ಹೇಳಿದ ಹಾಗೆ "ಹೈ, ಹೈ, ಬೇಟಾ" ಅನ್ನುತ್ತಿದ್ದ. ಪೆಟ್ರೋಲಿಗೆ ಕಂಟ್ರೋಲು ಬಂದು, ಇದ್ದಿಲ ಹೊಗೆಯಲ್ಲೇ ಓಡಿಸಲೆಂದು ಬಸ್ಸಿನ ಹಿಂದೆ ಇದ್ದಿಲ ಡ್ರಮ್ಮು ಕಟ್ಟಿದ್ದ ಕಾಲ ಅದು. ಅವನು ಹುರುಳಿಯ ಮುಂದೆ ಬಸ್ಸು ನಿಲ್ಲಿಸಿ ತಲೆ ಹೊರಹಾಕಿದ.

"ಏನಕ್ಕ ಇದು? ಸರ್ಕಾರದ ರಸ್ತೇಲಿ ಕಣ ಮಾಡ್ಕಂಡಿದ್ದೀರಾ?"

ಉತ್ತರ ಕೊಟ್ಟವಳು ಬೆಟ್ಟಮ್ಮ. "ದಿನಾ ಸುಮ್ನೆ ಓಯ್ತಿಯಲ್ಲ ಸಾಬಣ್ಣ, ಒಸಿ ಕೆಲ್ಸಾನೂ ಮಾಡು."

"ನನ್ ಬಸ್ಸೇನು ಎತ್ತಾ?"

"ಎತ್ತಾಗಿದ್ರೆ ಇಷ್ಟೊತ್ಗೆ ಮಳವಳ್ಳಿ ಸೇರಿರೋದು ಬುಡು!"

ಬಸ್ಸಿನೊಳಗಿದ್ದವರೆಲ್ಲ ನಕ್ಕರು. ಗಫಾರ್ ತಾನೂ ನಗುತ್ತ, ಮೆಲ್ಲಗೆ, ಎತ್ತು ಕಣ ತುಳಿದ ಹಾಗೆಯೇ, ಹುರುಳಿಯ ಮೇಲೆ ಬಸ್ಸು ಹಾಯಿಸಿದ. ಪಟಪಟ ಕಾಯಿ ಒಡೆದವು. ಅಲ್ಲಿಂದ ಮುಂದೆ ಅದೊಂದು ರೂಢಿಯಾಯಿತು. ಹುಣಸೆಮರದ ತಿರುವಿನಲ್ಲಿ ಗಫಾರ್ ಹಾರ್ನು ಒತ್ತುತ್ತಿದ್ದ. ಹೆಂಗಸರು ಓಡುತ್ತಿರಲಿಲ್ಲ. ಕವೆಗೋಲು ಎತ್ತಿಕೊಂಡು, ಹರಡಿದ ಹುರುಳಿಯ ಅಂಚಿಗೆ ಸರಿದು ನಿಲ್ಲುತ್ತಿದ್ದರು. ಬಸ್ಸು ಅವರ ಸೆರಗಿಗೆ ಗಾಳಿ ಸೋಕುವಷ್ಟು ಹತ್ತಿರದಲ್ಲಿ, ನಡೆಯುವವರ ವೇಗದಲ್ಲಿ ಸಾಗುತ್ತಿತ್ತು. ಒಮ್ಮೊಮ್ಮೆ ಬೆಟ್ಟಮ್ಮ "ಇನ್ನೊಂದ್ ಸುತ್ತು ಸಾಬಣ್ಣ!" ಅಂದರೆ, ಒಳಗಿನವರು ಗೊಣಗುತ್ತಿದ್ದರೂ ಅವನು ಹಿಂದಕ್ಕೆ ಬಂದು ಮತ್ತೆ ಹಾಯಿಸುತ್ತಿದ್ದ. ಸುಗ್ಗಿ ಮುಗಿದ ಮೇಲೆ ಅವನ ಹೆಂಡತಿ ಕುಲ್ಸುಮ್‌ಗೆ ಒಂದು ಮೊರ ಹುರುಳಿ ಹೋಗುತ್ತಿತ್ತು. ಮೊದಲು ನಕ್ಕಿದ್ದ ಊರೆಲ್ಲ ಮುಂದಿನ ವರ್ಷ ರಸ್ತೆಗೇ ಇಳಿಯಿತು. ರೋಣಗಲ್ಲುಗಳು ಕಣದ ಮೂಲೆಯಲ್ಲಿ ಬಿದ್ದುಕೊಂಡವು. ಅಷ್ಟು ವರ್ಷ ಗಫಾರನ ಬಸ್ಸಿಗೆ ಒಂದು ಕೋಳಿಮರಿಯೂ ಸಿಕ್ಕಿ ಸತ್ತಿರಲಿಲ್ಲ.

ಯುದ್ಧ ಮುಗಿಯಿತು. ಮಳವಳ್ಳಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಸಾಹುಕಾರ ನಾಗಯ್ಯ, ಬೆಂಗಳೂರಿನ ದಂಡಿನಿಂದ ಸೀಮೆಗೆ ವಾಪಸು ಹೊರಟಿದ್ದ ಬಿಳಿ ದೊರೆಯೊಬ್ಬನ ಕರಿ ಕಾರನ್ನು ಕೊಂಡು ತಂದ. ಎಂಟು ಸಿಲಿಂಡರಿನ ಕಾರು. ಊರಿಗೆಲ್ಲ ಇಲ್ಲದ ಪೆಟ್ರೋಲು ಅದಕ್ಕೆ ಎಲ್ಲಿಂದಲೋ ಸಿಗುತ್ತಿತ್ತು. ಓಡಿಸಲು ಕೆಂಪಸಿದ್ದಯ್ಯ ಎಂಬ ಡ್ರೈವರನನ್ನೂ ಇಟ್ಟ. ಆದರೆ ಓಡಿಸುತ್ತಿದ್ದವನು ನಾಗಯ್ಯನ ಮಗ ಮಾದೇಶ. ಅವನಿಗೆ ಹದಿನಾರು. ಮೀಸೆ ಮೂಡಿರಲಿಲ್ಲ. ಕೆಂಪಸಿದ್ದಯ್ಯ ಮೊದಮೊದಲು ಪಕ್ಕದಲ್ಲಿ ಕೂರುತ್ತಿದ್ದ. ಆಮೇಲೆ ಅವನನ್ನು ಗಿರಣಿಯಲ್ಲಿ ಬಿಟ್ಟು, ಹುಡುಗ ತನ್ನ ಓರಗೆಯ ಇಬ್ಬರನ್ನು ಹತ್ತಿಸಿಕೊಂಡು ಮದ್ದೂರಿಗೆ ಹೋಗಿ ಬರತೊಡಗಿದ. ಧೂಳು ಎದ್ದರೆ ಊರಾಚೆಯ ಬಸವನ ಗುಡಿಯವರೆಗೂ ಇಳಿಯುತ್ತಿರಲಿಲ್ಲ. ಕಬ್ಬಿನ ಗಾಡಿಯವರು ಬೆದರಿದ ಎತ್ತುಗಳನ್ನು ಹಳ್ಳಕ್ಕೆ ಇಳಿಸಿಕೊಂಡು ಶಾಪ ಹಾಕುತ್ತಿದ್ದರು. ಶಾಪ ಕಾರಿನವರೆಗೆ ಮುಟ್ಟುತ್ತಿರಲಿಲ್ಲ.

ಪುಷ್ಯ ಮಾಸದಲ್ಲಿ ಹುರುಳಿ ಹರಡಿದ್ದರು. ಬಿಸಿಲು ನೆತ್ತಿಗೆ ಏರಿತ್ತು. ತಿರುವಿನ ಆಚೆ ಹಾರ್ನಿನ ಸದ್ದಾಯಿತು. ಬೆಟ್ಟಮ್ಮ ಹೊರಳಿಸುತ್ತಿದ್ದ ಸೊಪ್ಪನ್ನು ಬಿಟ್ಟು, ಕವೆಗೋಲು ಎತ್ತಿ, ಅಂಚಿಗೆ ಸರಿದು ನಿಂತಳು. ಎಲ್ಲ ಹೆಂಗಸರೂ ಹಾಗೆಯೇ ನಿಂತರು. ರಸ್ತೆಯಲ್ಲಿ ಬರುವ ಗಾಡಿ ಹುರುಳಿ ಕಂಡರೆ ಮೆಲ್ಲಗಾಗುತ್ತದೆ ಅನ್ನುವುದು ಅವರಿಗೆ ಹೊತ್ತು ಮೂಡುತ್ತದೆ ಅನ್ನುವಷ್ಟೇ ಗಟ್ಟಿ. ಅದೇ ಅವರು ಮಾಡಿದ ತಪ್ಪು. ಓಡಬೇಕಾಗಿತ್ತು, ನಿಂತರು.

ಕಾರು ಬಂದ ರಭಸಕ್ಕೆ ಹುಡುಗ ಹುರುಳಿಯ ಮೇಲೆಯೇ ಬ್ರೇಕು ತುಳಿದಿರಬೇಕು. ಒಣ ಸೊಪ್ಪಿನ ಮೇಲೆ ಚಕ್ರ ನಿಲ್ಲಲಿಲ್ಲ, ಜಾರಿತು. ಕಾರು ಅಡ್ಡ ತಿರುಗಿ, ತನ್ನ ಹಿಂಬದಿಯಿಂದ ಬೆಟ್ಟಮ್ಮನನ್ನು ಹೊಡೆದು, ಮತ್ತೆ ನೆಟ್ಟಗಾಗಿ, ನಿಲ್ಲದೆ ಹೋಯಿತು. ಕಿಟಕಿಯಲ್ಲಿ ಚಿಕ್ಕಬೋರಮ್ಮನಿಗೆ ಕಂಡದ್ದು ಎಣ್ಣೆ ಹಚ್ಚಿ ಬಾಚಿದ ಒಂದು ಕ್ರಾಪು, ಅದರ ಕೆಳಗೆ ಬಿಳಿಚಿಕೊಂಡ ಮಗುವಿನಂಥ ಮುಖ. ಬೆಟ್ಟಮ್ಮ ಹುರುಳಿಯ ಮೇಲೆಯೇ ಜೀವ ಬಿಟ್ಟಳು. ಅಷ್ಟು ಮಾತಾಡುತ್ತಿದ್ದವಳು ಒಂದು ಸೊಲ್ಲೂ ಆಡಲಿಲ್ಲ.

ನಾಗಯ್ಯ ಮರುದಿನವೇ ದೊಡ್ಡಿಗೆ ಬಂದ. ಜೊತೆಗೆ ಪೊಲೀಸ್ ಠಾಣೆಯ ದಫೇದಾರ, ಕೆಂಪಸಿದ್ದಯ್ಯ, ಒಂದು ಮೂಟೆ ಅಕ್ಕಿ. ಪಟೇಲ ಕರಿಯಪ್ಪನ ಜಗಲಿಯಲ್ಲಿ ಎಲ್ಲರೂ ಕೂತರು. ಕರಿಯಪ್ಪ ಬೇರೆ ಊರಲ್ಲಿ ಮಾಡಿದ್ದ ಗದ್ದೆಯ ಭತ್ತ ನಾಗಯ್ಯನ ಗಿರಣಿಗೇ ಹೋಗುತ್ತಿತ್ತು.

"ಆಗಬಾರದ್ದು ಆಗೋಯ್ತು," ಎಂದ ನಾಗಯ್ಯ. "ನನ್ನ ಮಗ ಹಿಂದಿನ ಸೀಟಲ್ಲಿದ್ದ. ಓಡಿಸ್ತಿದ್ದೋನು ಇವನು."

"ನಾನೇ ಸ್ವಾಮಿ," ಎಂದ ಕೆಂಪಸಿದ್ದಯ್ಯ. ಅವನು ತಲೆ ಎತ್ತಲಿಲ್ಲ.

ಚಿಕ್ಕಬೋರಮ್ಮ ಕಂಬದ ಪಕ್ಕ ನಿಂತಿದ್ದಳು. "ನಾ ನೋಡಿವ್ನಿ," ಎಂದಳು. "ಉಡ್ಗನೇ. ಇವನು ಅಲ್ಲಿರ್ನಿಲ್ಲ."

"ಆ ಧೂಳಲ್ಲಿ ನಿಂಗೇನು ಕಂಡದು ಕಣಮ್ಮ?" ಎಂದ ಕರಿಯಪ್ಪ. "ಅಲ್ದೆ ರಸ್ತೇಲಿ ಹುರುಳಿ ಹರಡು ಅಂತ ಅವರು ಹೇಳಿದ್ರಾ? ಮೊದ್ಲು ಸುರು ಮಾಡ್ದವಳು ನೀನೇ ಅಲ್ವಾ?"

ಅವಳ ಬಾಯಿ ಮುಚ್ಚಿಕೊಂಡಿತು. ದಫೇದಾರ ಬರೆದುಕೊಂಡ: ರಸ್ತೆಯಲ್ಲಿ ಸೊಪ್ಪು ಹರಡಿದ್ದರಿಂದ ವಾಹನ ಜಾರಿ ಅಪಘಾತವಾಯಿತು. ಇನ್ನು ಮುಂದೆ ಯಾರೂ ರಸ್ತೆಯಲ್ಲಿ ಏನನ್ನೂ ಹರಡಕೂಡದು. ನಿಂಗಯ್ಯ ಹೆಬ್ಬೆಟ್ಟು ಒತ್ತಿದ. ಅವನಿಗೆ ಆವತ್ತು ಒತ್ತು ಅಂದದ್ದಕ್ಕೆಲ್ಲ ಒತ್ತುವ ಹಾಗಿತ್ತು.

ರಸ್ತೆಯಲ್ಲಿ ಹುರುಳಿ ಇತ್ತು, ನಿಜ. ಹುರುಳಿ ಎದ್ದು ಹೋಗಿ ಕಾರಿಗೆ ಗುದ್ದಲಿಲ್ಲ. ಇಷ್ಟು ಸಣ್ಣ ಮಾತು ಆ ಜಗಲಿಯಲ್ಲಿ ಕೂತಿದ್ದ ಒಬ್ಬ ಗಂಡಸಿನ ಬಾಯಲ್ಲೂ ಬರಲಿಲ್ಲ. ತಿಥಿಗೆಂದು ಮನೆಗೆ ಕಳಿಸಿದ್ದ ಅಕ್ಕಿ ಮೂಟೆಯನ್ನು ಚಿಕ್ಕಬೋರಮ್ಮ ಒಬ್ಬಳೇ ಎಳೆದುಕೊಂಡು ಹೋಗಿ ಕರಿಯಪ್ಪನ ಬಾಗಿಲಲ್ಲಿ ಹಾಕಿ ಬಂದಳು.

ತಿಥಿ ಕಳೆಯಿತು. ಮಾರನೆಯ ದಿನ ಕರಿ ಕಾರು ಮತ್ತೆ ದೊಡ್ಡಿಯ ನಡುವೆ ಹಾಯ್ದುಹೋಯಿತು. ಅದೇ ಕ್ರಾಪು, ಅದೇ ವೇಗ. ಬೆಟ್ಟಮ್ಮ ಬಿದ್ದ ಜಾಗವನ್ನು ಗುಡಿಸಿ ಇಟ್ಟಿದ್ದ ಕುಂಕುಮದ ಮೇಲೆಯೇ ಚಕ್ರ ಹೋಯಿತು. ಮಕ್ಕಳು ಬೇಲಿ ಹಾರಿ ತಪ್ಪಿಸಿಕೊಂಡರು. ಚಿಕ್ಕಬೋರಮ್ಮ ಕೈಯಲ್ಲಿದ್ದ ಬಿಂದಿಗೆ ಇಳಿಸಿ, ಹಾಗೆಯೇ ಠಾಣೆಗೆ ನಡೆದಳು.

ದಫೇದಾರ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. "ಮತ್ತೇನಮ್ಮ?"

"ಆ ಉಡ್ಗ ಮತ್ತೆ ಓಡಿಸ್ತಾವ್ನೆ. ಅವನ್ನ ಇಳಿಸ್ಬೇಕು."

"ಸಾಹುಕಾರರ ಮಗ. ಇವತ್ತಲ್ಲ ನಾಳೆ ಓಡಿಸ್ಲೇಬೇಕಲ್ಲ. ಕೈ ಪಳಗಲಿ ಬುಡಮ್ಮ."

"ಕೈ ಪಳಗೋಕೆ ನಮ್ ದೊಡ್ಡೀನೇ ಬೇಕಾ?"

ದಫೇದಾರ ಎಲೆಗೆ ಸುಣ್ಣ ಸವರಿದ. "ನೋಡು, ರಸ್ತೆಗೆ ಅಡ್ಡಿ ಮಾಡಿದ್ದಕ್ಕೆ ನಿಮ್ಮೂರ ಹೆಂಗಸರನ್ನೆಲ್ಲ ಎಳ್ಕಂಬರಬಹುದಾಗಿತ್ತು. ಬಿಟ್ಟಿದ್ದೀವಿ. ಮನೆಗೆ ಹೋಗು."

ವಾಪಸು ಬರುವಾಗ ಗಫಾರ್ ಬಸ್ಸು ನಿಲ್ಲಿಸಿ ಅವಳನ್ನು ಹತ್ತಿಸಿಕೊಂಡ. ಮುಂದಿನ ಸೀಟಿನಲ್ಲಿ ಕೂರಿಸಿದ.

"ಬೋರಕ್ಕ, ಒಂದು ಮಾತು ಹೇಳ್ತೀನಿ. ಕೇಳಿದ್ರೆ ನಿನ್ ಹೊಟ್ಟೆ ಇನ್ನೂ ಉರೀತದೆ. ಆದ್ರೂ ಹೇಳ್ಬೇಕು," ಎಂದ ಅವನು. "ಆ ಮೂರು ಹುಡುಗ್ರು ಪಂದ್ಯ ಕಟ್ಟವ್ರೆ. ಮದ್ದೂರು ಸ್ಟೇಷನ್ನಲ್ಲಿ ತಗೊಂಡ ವಡೆ ಮಳವಳ್ಳಿ ಗಿರಣಿ ಮುಂದೆ ಬಿಚ್ಚಿದಾಗ ಬಿಸಿ ಇರ್ಬೇಕಂತೆ. ಇದ್ರೆ ಮಾದೇಶ ಗೆದ್ದಂಗೆ. ತಣ್ಣಗಾಗಿದ್ರೆ ಸೋತಂಗೆ."

ಅವಳು ತಿರುಗಿ ನೋಡಿದಳು. "ವಡೇನಾ?"

"ಹ್ಞೂಂ. ವಡೆ."

"ಒಂದು ವಡೆ ಬಿಸೀಗೆ ನಮ್ ಬೆಟ್ಟಿ."

"ನಾನು ಕುದ್ರೆ ಹೊಡೆದೋನು," ಎಂದ ಗಫಾರ್. "ಮರಿ ಕುದ್ರೆಗೆ ಲಗಾಮು ಹಾಕ್ದೆ ಯಾರೂ ಗಾಡಿ ಕಟ್ಟಲ್ಲ. ಇವರು ಮರಿ ಕೈಗೆ ಲಗಾಮು ಕೊಟ್ಟವ್ರೆ. ಲೈಸೆನ್ಸು ಬೇಕು ಅಂದ್ರೆ ಹದಿನೆಂಟು ತುಂಬಿರ್ಬೇಕು. ಅದು ದಫೇದಾರನಿಗೆ ಗೊತ್ತಿಲ್ವಾ? ನಮ್ ಕ್ಲೀನರ್ ಓಡಿಸಿದ್ರೆ ಇಷ್ಟೊತ್ಗೆ ಕೋಳ ಬಿದ್ದಿರೋದು."

ಅವಳಿಗೆ ಬೇಕಾಗಿದ್ದದ್ದು ಒಂದೇ. ಆ ಹುಡುಗ ಆ ಸೀಟಿನಿಂದ ಇಳಿಯಬೇಕು. ಇನ್ನೊಬ್ಬರ ಮನೆಯವರು ಹೀಗೆ ರಸ್ತೆ ಗುಡಿಸುವ ಮೊದಲೇ ಇಳಿಯಬೇಕು. ಅಕ್ಕಿ ಬೇಡ, ಕ್ಷಮಾಪಣೆ ಬೇಡ, ಅವನು ಇಳಿಯಬೇಕು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಅವಳು ಕಸಬರಿಕೆ ಹಿಡಿದು ಹೊರಗೆ ಬಂದಾಗ, ರಸ್ತೆಯ ಮೇಲೆ ಹುರುಳಿ ಸೊಪ್ಪು ಹರಡಿತ್ತು. ಅವಳು ನಿಂತು ನೋಡಿದಳು. ಊರಿನ ಹುರುಳಿಯೆಲ್ಲ ಆಗಲೇ ಒಕ್ಕಿ ಮುಗಿದಿತ್ತು. ಇದು ಕಾಳು ಉದುರಿಹೋದ ಬರೀ ಹೊಟ್ಟು ಸೊಪ್ಪು. ಇದನ್ನು ಯಾರು ಯಾಕೆ ಹರಡುತ್ತಾರೆ? ನಡುವೆ ಒಂದು ಕಡೆ ಸೊಪ್ಪು ಗುಡ್ಡೆಯಾಗಿತ್ತು. ಕಾಲಿನಿಂದ ಸರಿಸಿದಳು. ಕೆಳಗೆ ರೋಣಗಲ್ಲು ಇತ್ತು.

ಹುಣಸೆಮರದ ಬುಡದಲ್ಲಿ ನಿಂಗಯ್ಯ ಕುಕ್ಕರುಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಕಲ್ಲು ಮೀಟಿದ ಹಾರೆ.

"ಏನ್ಲಾ ಇದು?" ಎಂದಳು.

"ನೀ ಒಳಿಕ್ ಓಗತ್ಗೆ."

"ಏನಿದು ಅಂದೆ."

"ಅವ್ನು ಬತ್ತಾನೆ. ಉರುಳಿ ಅನ್ಕಂಡು ಅತ್ತಿಸ್ತಾನೆ. ಅಷ್ಟೇಯ." ಅವನ ಕಣ್ಣು ಕೆಂಪಗಿದ್ದವು. "ಉರುಳಿಯಿಂದ್ಲೇ ಆಯ್ತು ಅಂತ ಬರ್ಕಂಡವ್ರಲ್ಲ, ಇದೂ ಉರುಳಿಯಿಂದ್ಲೇ ಆಯ್ತು ಅಂತ ಬರ್ಕಳ್ಲಿ."

ಒಂದು ಗಳಿಗೆ ಅವಳಿಗೆ ಸುಮ್ಮನೆ ಒಳಗೆ ಹೋಗಿಬಿಡೋಣ ಅನ್ನಿಸಿತು. ಒಲೆ ಹಚ್ಚಿ, ಹಿಟ್ಟು ತೊಳಸುತ್ತ, ರಸ್ತೆಯಲ್ಲಿ ಆಗುವ ಸದ್ದಿಗೆ ಕಾಯುತ್ತ ಕೂರಬಹುದಿತ್ತು. ಆ ಸದ್ದು ಅವಳ ಕಿವಿಗೆ ಹಿತವಾಗಿಯೇ ಕೇಳುತ್ತಿತ್ತು. ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ರೇಗಿತು. ಅವಳು ಬಗ್ಗಿ ಸೊಪ್ಪನ್ನು ತೋಳಿನ ತುಂಬ ಬಾಚಿ ಬಾಚಿ ಪಕ್ಕಕ್ಕೆ ಎಸೆಯತೊಡಗಿದಳು.

"ಯಾಕತ್ಗೆ? ನಿಂಗೂ ನಾಗಯ್ಯ ಅಕ್ಕಿ ಕೊಟ್ನಾ?"

ಅವಳು ಎದ್ದು ಬಂದು ಅವನ ಕೆನ್ನೆಗೆ ಹೊಡೆದಳು. ಮೈದುನನ ಮೇಲೆ ಅವಳು ಕೈ ಎತ್ತಿದ್ದು ಅದೇ ಮೊದಲು.

"ಮೊದ್ಲು ಬರೋದು ಗಫಾರಣ್ಣನ ಬಸ್ಸು ಕಣ್ಲಾ! ಉರುಳಿ ಕಂಡ್ರೆ ಅವ ಸಂತೋಸವಾಗಿ ಅತ್ತಿಸ್ತಾನೆ. ಅದ್ರೊಳಗೆ ಎಷ್ಟು ಜನ ಇರ್ತಾರೆ? ನಿಂಗೆ ಬೇಕಾಗಿರೋದು ಯಾರ ಹೆಣ?" ಅವಳು ಉಸಿರು ಎಳೆದುಕೊಂಡಳು. ಅಷ್ಟು ಮಾತು ಅವಳು ಒಟ್ಟಿಗೆ ಆಡಿದ್ದನ್ನು ನಿಂಗಯ್ಯ ಕೇಳಿರಲಿಲ್ಲ. "ಆ ಉಡ್ಗ ಸತ್ರೆ ನಾಗಯ್ಯ ಅಳ್ತಾನೆ. ಆಮೇಲೆ? ಇನ್ನೊಬ್ಬ ಸಾವ್ಕಾರ ಇನ್ನೊಂದು ಕಾರು ತತ್ತಾನೆ. ನಂಗೆ ಅವ್ನು ಸಾಯೋದು ಬೇಡ. ಇಳೀಬೇಕು. ಎಲ್ರ ಕಣ್ಮುಂದೆ ಇಳೀಬೇಕು. ಏಳು. ಕಲ್ಲು ಮಡಗಾನ. ಕಾಣಂಗೆ ಮಡಗಾನ."

ನಿಂಗಯ್ಯ ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಹಾರೆ ಎತ್ತಿಕೊಂಡ.

ಊರಿನ ಹೆಂಗಸರೆಲ್ಲ ಬಂದರು. ಕಣಗಳಲ್ಲಿ ಬಿದ್ದಿದ್ದ ರೋಣಗಲ್ಲುಗಳನ್ನು ಹಾರೆ ಹಾಕಿ ಮೀಟಿ, ಬೆನ್ನು ಕೊಟ್ಟು ಉರುಳಿಸಿಕೊಂಡು ರಸ್ತೆಗೆ ತಂದರು. ಕರಿಯಪ್ಪ ಜಗಲಿಯಿಂದ, "ಸರ್ಕಾರದ ರಸ್ತೆ ಕಣ್ರವ್ವಾ, ಜೈಲಿಗೋಯ್ತೀರಿ!" ಎಂದು ಕೂಗಿದ. "ನಿಮ್ ಕಣದ ಕಲ್ಲೂ ಬೇಕಾಗಿತ್ತು ಪಟೇಲ್ರೇ," ಎಂದಳು ಒಬ್ಬ ಮುದುಕಿ. "ನೀವು ಕೊಟ್ರೆ ಉಳ್ಳಿಸ್ಕಂಡೋಯ್ತೀವಿ, ಕೊಡ್ದಿದ್ರೂ ಉಳ್ಳಿಸ್ಕಂಡೋಯ್ತೀವಿ." ಅವನ ಕಲ್ಲೂ ಉರುಳಿ ಬಂತು.

ಬೆಳಗಿನ ಬಸ್ಸು ಬಂದಾಗ ಗಫಾರ್ ಇಳಿದು ನೋಡಿದ. ವಿಷಯ ತಿಳಿದ ಮೇಲೆ ಎರಡೂ ಕೈ ಸೊಂಟದ ಮೇಲೆ ಇಟ್ಟುಕೊಂಡು ಯೋಚಿಸಿದ.

"ಪೂರ್ತಿ ಅಡ್ಡ ಕಟ್ಟಬೇಡಿ. ಒಂದು ಕಲ್ಲು ಈ ಕಡೆ, ಮುಂದೆ ಹೋಗಿ ಇನ್ನೊಂದು ಆ ಕಡೆ. ನನ್ ಬಸ್ಸು ಹಾವಿನಂಗೆ ಹೊರಳಿ ಹೋಗೋವಷ್ಟು ಜಾಗ ಇರ್ಲಿ, ಗಾಡಿಗಳಿಗೂ ಆಯ್ತದೆ. ಆದ್ರೆ ಎಂಥ ಕಾರಾದ್ರೂ ನಡ್ಕಂಡೇ ಹೋಗ್ಬೇಕು. ಮತ್ತೆ ಸುಣ್ಣ ಬಳೀರಿ. ದೂರದಿಂದ ಕಾಣ್ಬೇಕು."

ಹಾಗೆಯೇ ಇಟ್ಟರು. ಸುಣ್ಣ ಬಳಿದರು. ಊರಿನ ಆ ತುದಿಯಲ್ಲೂ ಈ ತುದಿಯಲ್ಲೂ ಬಿಳಿ ಕಲ್ಲುಗಳು ಕೂತವು.

ಮಧ್ಯಾಹ್ನಕ್ಕೆ ಮೊದಲು ಮದ್ದೂರಿನ ಕಡೆಯಿಂದ ಕಾರು ಬಂತು. ತಿರುವಿನಲ್ಲಿ ಕಲ್ಲು ಕಂಡು ಕಿರ್ರನೆ ಬ್ರೇಕು ಹಾಕಿದ ಸದ್ದು ಊರಿಗೆಲ್ಲ ಕೇಳಿಸಿತು. ಸೊಪ್ಪಿಲ್ಲದ ಬರಿಯ ರಸ್ತೆ. ಕಾರು ನಿಂತಿತು. ನಿಲ್ಲಿಸಲು ಬರುತ್ತದೆ ಇವನಿಗೆ, ಎಂದುಕೊಂಡಳು ಚಿಕ್ಕಬೋರಮ್ಮ. ನೆಟ್ಟಗೆ ಕಾರಿನ ಬಾಗಿಲಿಗೆ ನಡೆದಳು.

ಹೆಂಗಸರು ಕಾರಿನ ಸುತ್ತ ನಿಂತರು.

"ಯಾವಳು ಕಲ್ಲಿಟ್ಟಿದ್ದು? ತೆಗೀರಿ!" ಎಂದ ಮಾದೇಶ. ದನಿ ಒಡೆಯುತ್ತಿದ್ದ ವಯಸ್ಸು. ಅರ್ಧ ಗಂಡಸಿನಂತೆ, ಅರ್ಧ ಹುಡುಗಿಯಂತೆ ಕೇಳಿತು.

"ನಾನು," ಎಂದಳು ಚಿಕ್ಕಬೋರಮ್ಮ. "ಇಳಿ."

"ನಾನು ಯಾರ ಮಗ ಗೊತ್ತಾ?"

"ಗೊತ್ತು ಕಣಪ್ಪ. ಅದುಕ್ಕೇ ನಿಂತಿರೋದು. ಇಳಿ."

ಅವನು ಇಳಿಯಲಿಲ್ಲ. ಅವಳೇ ಬಾಗಿಲು ಎಳೆದಳು. ಆಗ ಕಂಡಿತು. ಹುಡುಗ ದಿಂಬಿನ ಮೇಲೆ ಕೂತಿದ್ದ. ಹತ್ತಿ ತುಂಬಿದ, ಒತ್ತಾಗಿ ಹೊಲಿದ ದಪ್ಪ ದಿಂಬು. ಗವಸಿನ ಮೇಲೆ ಹಸಿರು ದಾರದಲ್ಲಿ ಗಿಳಿಯ ಕಸೂತಿ. ಅದಿಲ್ಲದಿದ್ದರೆ ಅವನಿಗೆ ಮುಂದಿನ ಗಾಜಿನಲ್ಲಿ ರಸ್ತೆಯೇ ಕಾಣುತ್ತಿರಲಿಲ್ಲ.

ಚಿಕ್ಕಬೋರಮ್ಮ ಆ ಗಿಳಿಯನ್ನು ನೋಡುತ್ತ ನಿಂತಳು. ಯಾರೋ ಕೂತು ಅಳತೆ ನೋಡಿ ಇದನ್ನು ಹೊಲಿದಿದ್ದರು. ಕಾಲು ಎಟಕುತ್ತದೋ, ಕಣ್ಣಿಗೆ ಕಾಣುತ್ತದೋ ಎಂದು ಕೂರಿಸಿ ನೋಡಿದ್ದರು. ಇನ್ನೊಂದು ಹಿಡಿ ಹತ್ತಿ ತುಂಬಿದ್ದರು. ಇವನು ಇನ್ನೂ ಚಿಕ್ಕವನು ಅನ್ನುವುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ದಿಂಬು ಹಾಕಿ ಕೂರಿಸಿ ಕಳಿಸಿದ್ದರು. ಬೆಟ್ಟಮ್ಮ ಸತ್ತ ಮೇಲೂ ದಿಂಬು ತೆಗೆದಿರಲಿಲ್ಲ.

ಅವಳು ಹುಡುಗನ ತೋಳು ಹಿಡಿದು ಹೊರಕ್ಕೆ ಎಳೆದಳು. ಅವನು ಅವಳ ಭುಜಕ್ಕೂ ಬರುತ್ತಿರಲಿಲ್ಲ. ದಿಂಬು ಎತ್ತಿಕೊಂಡು ಕಂಕುಳಲ್ಲಿ ಇರುಕಿಕೊಂಡಳು.

"ಈಗ ಓಡ್ಸು," ಎಂದಳು.

ಹಿಂದಿನ ಸೀಟಿನ ಹುಡುಗನೊಬ್ಬ ಎಲೆಯ ಪೊಟ್ಟಣ ಹಿಡಿದುಕೊಂಡು ಪಿಳಿಪಿಳಿ ನೋಡುತ್ತಿದ್ದ. "ಅದ್ನೂ ಇಲ್ಲೇ ಬಿಚ್ಚು," ಎಂದಳು ಅವನಿಗೆ. "ತಣ್ಣಗಾಗಲಿ." ಇನ್ನೊಬ್ಬ ದಾರಿಯಲ್ಲಿ ಬಂದ ಸೈಕಲ್ಲಿನವನ ಹಿಂದೆ ಹತ್ತಿ ಮಳವಳ್ಳಿಗೆ ಸುದ್ದಿ ಒಯ್ದ.

ಮಾದೇಶ ಮೊದಲು ಬೈದ. ಆಮೇಲೆ ಅಪ್ಪ ಬಂದರೆ ನಿಮ್ಮನ್ನೆಲ್ಲ ಏನು ಮಾಡಿಸುತ್ತಾನೆ ಎಂದು ಹೇಳಿದ. ಬಿಸಿಲು ಸುಡುತ್ತಿತ್ತು. ಕೊನೆಗೆ ಅವನು ಕಲ್ಲಿನ ಮೇಲೆ ಕೂತು, "ನಾನು ಬೇಕೂಂತ ಮಾಡ್ಲಿಲ್ಲ," ಎಂದ. "ಬ್ರೇಕ್ ಹಾಕ್ದೆ. ಜಾರ್ತು."

"ನಿಂತ್ಯಾ?" ಎಂದಳು ಚಿಕ್ಕಬೋರಮ್ಮ. "ಜಾರ್ತು. ಸರಿ. ಆಮೇಕೆ ನಿಂತ್ಯಾ?"

ಅವನು ಬಾಯಾರಿ ತುಟಿ ನೆಕ್ಕಿಕೊಂಡ. ಅವಳು ಒಳಗಿನಿಂದ ಒಂದು ಚೊಂಬು ನೀರು ತರಿಸಿ ಅವನ ಮುಂದೆ ಕುಕ್ಕಿದಳು. ಪ್ರೀತಿಯಿಂದಲ್ಲ. ನೀರು ಕೇಳುವ ಮುಖಕ್ಕೆ ಇಲ್ಲ ಅನ್ನಲು ಅವಳಿಗೆ ಬರುತ್ತಿರಲಿಲ್ಲ.

ಇಳಿಹೊತ್ತಿನಲ್ಲಿ ಮಳವಳ್ಳಿಯ ಕಡೆಯಿಂದ ಗಫಾರನ ಬಸ್ಸು ಬಂದು, ಕಲ್ಲುಗಳ ನಡುವೆ ಹೊರಳಿ ಹೊರಳಿ ನಿಂತಿತು. ಅದರಿಂದ ನಾಗಯ್ಯ ಇಳಿದ. ದಫೇದಾರ ಇಳಿದ. ಕಾರು ವಾಪಸು ಒಯ್ಯಲೆಂದು ಕರೆತಂದಿದ್ದ ಕೆಂಪಸಿದ್ದಯ್ಯನೂ ಇಳಿದ. ಬಸ್ಸಿನ ಜನವೆಲ್ಲ ಕಿಟಕಿಗೆ ಬಂದರು.

"ಇದೇನಿದು ದರೋಡೆ!" ಎಂದ ನಾಗಯ್ಯ. "ಹಗಲಲ್ಲಿ ಕಾರು ತಡೆಯೋದು ಅಂದ್ರೇನು?"

ದಫೇದಾರ ಹೆಂಗಸರ ಕಡೆ ಲಾಠಿ ತೋರಿಸಿದ. ಆದರೆ ಬಸ್ಸಿನ ತುಂಬ ಕಣ್ಣುಗಳಿದ್ದವು. ಕಾನೂನಿನ ಪ್ರಕಾರ ಏನಾದರೂ ಕೇಳಬೇಕಲ್ಲ ಎಂದು ಕೇಳಿದ, "ಕಾರು ಇಲ್ಲಿಗೆ ಓಡಿಸ್ಕೊಂಡು ಬಂದೋರು ಯಾರು?"

ನಾಗಯ್ಯನ ಬಾಯಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಯೋಚಿಸದೆ, "ನಮ್ಮ ಡ್ರೈವರು, ಕೆಂಪಸಿದ್ದಯ್ಯ," ಎಂದುಬಿಟ್ಟ.

ಗಫಾರ್ ಸ್ಟಿಯರಿಂಗಿನ ಮೇಲೆ ಮೊಣಕೈ ಊರಿ ಕೇಳಿದ. "ಹಂಗಾದ್ರೆ ನನ್ ಬಸ್ಸಲ್ಲಿ ಟಿಕೆಟ್ ತಗೊಂಡು ಬಂದೋನು ಅವನ ದೆವ್ವವಾ ಸಾವ್ಕಾರ್ರೇ?"

ಜನ ಗೊಳ್ಳೆಂದು ನಕ್ಕರು. ಚಿಕ್ಕಬೋರಮ್ಮ ನಗಲಿಲ್ಲ. ಕೆಂಪಸಿದ್ದಯ್ಯ ಬಾಗಿಲಿನಲ್ಲಿ ತಗ್ಗಿ ನಡೆಯುವಷ್ಟು ಉದ್ದದ ಆಳು. ಅವಳು ಗಿಳಿಯ ದಿಂಬನ್ನು ಅವನ ಎದೆಗೆ ಒತ್ತಿ ಹಿಡಿದಳು.

"ಇದ ಆಕ್ಕಂಡು ಕೂತ್ರೆ ನಿನ್ ತಲೆ ಎಲ್ಲಿರ್ತದೆ? ಮೇಲ್ಗಡೆ ಸೀಳ್ಕಂಡು ಆಚೆ ಬರಲ್ವಾ? ಬಾಯ್ಬುಡು. ಅವತ್ತು ಯಾರು ಓಡಿಸ್ತಿದ್ದದ್ದು?"

ಕೆಂಪಸಿದ್ದಯ್ಯ ಧಣಿಯ ಕಡೆ ನೋಡಿದ. ಬಸ್ಸಿನ ಕಡೆ ನೋಡಿದ. "ನಾನು ಗಿರಣೀಲಿದ್ದೆ ಕಣವ್ವ," ಎಂದ. "ಅವತ್ತೂ ಗಿರಣೀಲಿದ್ದೆ. ಇವತ್ತೂ."

ನಿಜ ಕೇಳಿದರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ. ಅವಳಿಗೆ ಆವತ್ತಿಗಿಂತ ಹೆಚ್ಚು ಸಿಟ್ಟು ಬಂತು. "ಆ ಜಗಲೀಲಿ ಈ ಮಾತಾಡಿದ್ರೆ ನಿನ್ ನಾಲ್ಗೆ ಸವೀತಿತ್ತಾ? ಅವ್ನು ಮತ್ತೆ ಮತ್ತೆ ನಮ್ ಮಕ್ಕಳ ಮ್ಯಾಲೆ ಬಂದ್ನಲ್ಲ. ಇನ್ನೊಂದು ಜೀವ ಓಗಿದ್ರೆ ಅದ್ನೂ ನಾನೇ ಅಂತಿದ್ಯಾ?"

ಕೆಂಪಸಿದ್ದಯ್ಯ ದಿಂಬು ಹಿಡಿದುಕೊಂಡು ನಿಂತಿದ್ದ. ದಫೇದಾರ ಗಂಟಲು ಸರಿಮಾಡಿಕೊಂಡು, ನಾಗಯ್ಯನನ್ನು ಪಕ್ಕಕ್ಕೆ ಕರೆದ. ಅವರು ಏನು ಮಾತಾಡಿಕೊಂಡರೋ, ಬೆಟ್ಟಮ್ಮನ ಸಾವಿಗೆ ಆಮೇಲೆಯೂ ಯಾರಿಗೂ ಶಿಕ್ಷೆ ಆಗಲಿಲ್ಲ. ಬರೆದದ್ದನ್ನು ಯಾರೂ ತಿದ್ದಲಿಲ್ಲ. ಆದರೆ ಆವತ್ತು ಬಸ್ಸಿನ ಅಷ್ಟು ಜನರ ಮುಂದೆ ದಫೇದಾರ ತಿರುಗಿ ಬಂದು, "ಹುಡುಗ ಇನ್ನು ಮುಟ್ಟಕೂಡದು. ಮುಟ್ಟಿದ್ದು ಕಂಡರೆ ನಾನೇ ಹಿಡೀಬೇಕಾಗ್ತದೆ," ಎಂದು ಗಟ್ಟಿಯಾಗಿ ಹೇಳಬೇಕಾಯಿತು. ನಾಗಯ್ಯ ಮಗನನ್ನು ನೋಡದೆ, "ಹಿಂದೆ ಕೂತ್ಕೊ," ಎಂದ.

ಮಾದೇಶ ಹಿಂದಿನ ಸೀಟಿಗೆ ಹೋಗಿ ಕೂತ. ಕಿಟಕಿಯ ಅಂಚಿನ ಮೇಲೆ ಅವನ ಕ್ರಾಪು ಮಾತ್ರ ಕಾಣುತ್ತಿತ್ತು. ಕೆಂಪಸಿದ್ದಯ್ಯ ಮೈ ಮಡಿಚಿಕೊಂಡು ಡ್ರೈವರ್ ಸೀಟಿನಲ್ಲಿ ಕೂತ. ದಿಂಬನ್ನು ಎಲ್ಲಿ ಇಡುವುದೆಂದು ತಿಳಿಯದೆ ಪಕ್ಕದಲ್ಲಿ ಬಂದು ಕೂತ ನಾಗಯ್ಯನ ತೊಡೆಯ ಮೇಲೆ ಇಟ್ಟ. ಕಾರು ಹೊರಟಿತು.

ಚಿಕ್ಕಬೋರಮ್ಮ ದಾರಿ ಬಿಡಲಿಲ್ಲ. ತಿರುಗಿ, ಕಾರಿಗೆ ಬೆನ್ನು ಹಾಕಿ, ಮಳವಳ್ಳಿಯ ದಿಕ್ಕಿಗೆ ರಸ್ತೆಯ ನಡುವೆ ನಡೆಯತೊಡಗಿದಳು. ನಿಂಗಯ್ಯ ಬಂದು ಅವಳ ಪಕ್ಕದಲ್ಲಿ ನಡೆದ. ಹಿಂದೆ ಎಂಟು ಸಿಲಿಂಡರು ಗುರುಗುಟ್ಟುತ್ತ, ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ಬಂತು. ಊರಿನ ಕೊನೆಯ ಬಿಳಿ ಕಲ್ಲು ದಾಟಿತು. ಅವಳು ನಿಲ್ಲಲಿಲ್ಲ.

"ಅತ್ಗೆ, ಸಾಕು. ಇಳಿದ್ನಲ್ಲ," ಎಂದ ನಿಂಗಯ್ಯ.

"ಮುಂದಿನ ಊರಲ್ಲೂ ಮಕ್ಕಳವೆ," ಎಂದಳು ಅವಳು, ಮತ್ತು ನಡೆದಳು.